ಪುಸ್ತಕದಲ್ಲಿಲ್ಲದ ಮಾತು

"ಹಾಳೆಯ ಕಿವಿ ಹಿಂಡೋರನ್ನ ಕಂಡ್ರೆ ನಂಗಾಗಲ್ಲ," ಎಂದು ಅವಳು ಮುಖವೆತ್ತದೆಯೇ ಬೈದಳು.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವುದು ಅವಳ ಕೆಲಸ. ಈಗ ಮೇಜಿನ ಮೇಲೆ ಬಂದು ಬಿದ್ದದ್ದು 'ನೆರಳು ಮಾರುವ ಊರು'. ಹನ್ನೆರಡನೇ ವಯಸ್ಸಿನಿಂದ ಅವಳು ಉರು ಹೊಡೆದ ಕಾದಂಬರಿ. ಅರ್ಧಕ್ಕರ್ಧ ಹಾಳೆಗಳ ಮೂಲೆ ಮಡಚಿತ್ತು.

"ಹಿಂಡಿದ್ದು ನಾನೇ," ಎಂದ ಎದುರು ನಿಂತವನು. "ಇದನ್ನ ಸಿನಿಮಾ ಮಾಡ್ತಿದ್ದಾರಲ್ಲ, ಚಿತ್ರಕಥೆ ಬರೀತಿರೋದೂ ನಾನೇ. ಒಂದೇ ಪೋಸ್ಟರಲ್ಲಿ ಒಂಬತ್ತು ತಪ್ಪು ಹುಡುಕಿ ಕಾಗದ ಹಾಕಿದ್ದು ನೀವೇ ತಾನೇ?"

ಅವಳು ಆಗ ತಲೆಯೆತ್ತಿದಳು. ಎತ್ತಬಾರದಿತ್ತು. ಅವನ ತುಟಿಗಿಂತ ಮೊದಲೇ ಕಣ್ಣು ನಗಲು ಶುರುಮಾಡಿತ್ತು.

"ಒಂಬತ್ತಲ್ಲ, ಹತ್ತು. ಕಾಗದ ಹಾಕಿದ ಮೇಲೆ ಇನ್ನೊಂದು ಕಂಡಿತು."

ಮೊಸರಲ್ಲಿ ಕಲ್ಲು ಹುಡುಕುವ ತಂಗಿಗೆ ಅಣ್ಣ ಇಟ್ಟಿದ್ದ ಹೆಸರು 'ಕೊಕ್ಕೆ'. ಅದು ಹೇಗೋ ಚಿತ್ರಕಥೆಗಾರನ ಕಿವಿಗೂ ಬಿತ್ತು. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಬರೆದ ಹಾಳೆ ಹಿಡಿದು ಹಾಜರಾಗುತ್ತಿದ್ದ.

"ಕೊಕ್ಕೆ ಮೇಡಂ, ಇವತ್ತಾದ್ರೂ ಪಾಸಾ?"

"ಫೇಲು. ಪುಸ್ತಕದಲ್ಲಿ ಯೋಧ ಬಾಗಿಲು ತಟ್ಟಿದಾಗ ದೀಪದವಳು ದೀಪ ಆರಿಸ್ತಾಳೆ. ನೀವು ಹಚ್ಚಿಸಿದ್ದೀರಿ."

"ಕತ್ತಲಲ್ಲಿ ಕ್ಯಾಮೆರಾಗೆ ಏನ್ರೀ ಕಾಣುತ್ತೆ?"

"ಅವನು ನೆರಳು ಮಾರಿಕೊಂಡು ಬಂದೋನು. ಬೆಳಕಲ್ಲಿ ಅವನಿಗೆ ನಾಚಿಕೆ ಆಗಬಾರದು ಅಂತ ಆರಿಸೋದು."

ಅವನು ಪೆನ್ನು ಕಚ್ಚಿಕೊಂಡು ಅವಳನ್ನೇ ನೋಡಿದ. ಅವಳು ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಹೆಣಗಿದಳು.

ಅವಳ ಮನಸ್ಸಂತೂ ಅವನತ್ತ ಜಾರಿಯಾಗಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಅವನೇ ಒಂದು ಮಾತಾಡಲಿ, ಸಾಕು ಎಂದು ಕಾದಳು. ಅತ್ತ ಅವನ ಅಕ್ಕ ತಮ್ಮನಿಗೊಂದು ಸಂಬಂಧ ನೋಡಿ, ಭಾನುವಾರದೊಳಗೆ ಹೂಂ ಅನ್ನು ಇಲ್ಲಾ ಊಹೂಂ ಅನ್ನು ಎಂದು ಪಟ್ಟು ಹಿಡಿದಿದ್ದಳು. ಅದು ಇವಳಿಗೆ ತಿಳಿಯದು.

ಆ ಭಾನುವಾರದ ಹಿಂದಿನ ದಿನ, ಶನಿವಾರ, ಅವನು ಕೊನೆಯ ದೃಶ್ಯ ತಂದಿದ್ದ.

"ನಾನು ಯೋಧ, ನೀವು ದೀಪದವಳು. ಜೋರಾಗಿ ಓದಿ ನೋಡೋಣ."

ಅವಳಿಗೆ ಹಾಳೆ ಯಾಕೆ? ಕಣ್ಣು ಮುಚ್ಚಿ ಒಪ್ಪಿಸತೊಡಗಿದಳು. ಒಂದೆರಡು ಮಾತು ಆದ ಮೇಲೆ ಅವನ ದನಿ ತಗ್ಗಿತು.

"ನೀನು ಇರು ಅಂದ್ರೆ ಇರ್ತೀನಿ. ಬೇರೆ ಯಾರ ಬಾಗಿಲಿಗೂ ಹೋಗಲ್ಲ."

"ಪುಸ್ತಕದಲ್ಲಿ ಈ ಮಾತೇ ಇಲ್ಲ!" ಎಂದಳು, ಕಣ್ಣು ಮುಚ್ಚಿಕೊಂಡೇ.

"ಇಲ್ಲ."

"ಯೋಧ ಹೀಗೆಲ್ಲ ಬಾಯಿಬಿಟ್ಟು ಕೇಳೋನಲ್ಲ. ತೆಗೀರಿ."

"ತೆಗೀಲೇಬೇಕಾ?"

"ನೂರು ಸಲ ಕೇಳಿದ್ರೂ ಅಷ್ಟೇ."

"ಸರಿ," ಎಂದು ಅವನು ಎದ್ದು ಹೋದ.

ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋಗುವುದುಂಟು. ಈ ಪುಣ್ಯಾತ್ಗಿತ್ತಿ ತಾನೇ ಕೈ ಕೊಡವಿ, ನನ್ನ ಪುಸ್ತಕ ಉಳಿಸಿಕೊಂಡೆ ಎಂದು ಹಿಗ್ಗಿದಳು. ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಆಮೇಲೆ ಅವನ ಮದುವೆಯ ಸುದ್ದಿ ಬಂತು.

ವರ್ಷ ಕಳೆದು ಸಿನಿಮಾ ಬಂತು. ತೆರೆಯ ಮೇಲೆ ದೀಪದವಳು ದೀಪ ಆರಿಸಿದಾಗ ಇಡೀ ಥಿಯೇಟರು ಉಸಿರು ಬಿಗಿಹಿಡಿಯಿತು. ಹೊರಗೆ ಬಂದರೆ ಅವನು ನಿಂತಿದ್ದ. ಹೆಂಡತಿ ನೀರಿನ ಬಾಟಲಿ ತರಲು ಹೋಗಿದ್ದಳು.

"ಒಂದು ತಪ್ಪೂ ಸಿಗಲಿಲ್ಲ," ಎಂದಳು ಅವಳು. "ಆದ್ರೆ ಅವತ್ತು ನಾನು ತೆಗೆಸಿದ ಆ ಮಾತು ಇರಬೇಕಿತ್ತು. ಚೆನ್ನಾಗಿತ್ತು ಅದು."

"ಅದು ಚಿತ್ರಕಥೆಯಲ್ಲಿ ಇರಲೇ ಇಲ್ಲ. ನೀವು ಕಣ್ಣು ಮುಚ್ಚಿದ್ರಿ. ನಾನು ಹಾಳೆ ಕೆಳಗಿಟ್ಟಿದ್ದೆ."

ಮದುವೆಯಾದವನ ಎದುರು ಆಡಬಾರದ ಮಾತೆಂದು ಗೊತ್ತಿದ್ದೂ ಅವಳ ಬಾಯಿ ನಿಲ್ಲಲಿಲ್ಲ.

"ಇರು ಅಂತಿದ್ದೆ. ಗೊತ್ತಾಗಿದ್ರೆ ಇರು ಅಂತಿದ್ದೆ."

ಅವನು ಏನೋ ಹೇಳಹೊರಟ. ಅಷ್ಟರಲ್ಲಿ ಹೆಂಡತಿ ಬಂದಳು. "ಇವರೇನಾ ಕೊಕ್ಕೆ ಮೇಡಂ? ಏನಂತೆ, ಮತ್ತೆ ತಪ್ಪು ಸಿಕ್ಕಿತಾ?"

"ಸಿಕ್ಕಿದೆ," ಎಂದಳು ಅವಳೇ. "ಒಂದೇ ಒಂದು."

"ಸರಿಮಾಡಬಹುದಲ್ವಾ?"

"ಇಲ್ಲ," ಎಂದ ಅವನು. "ರಿಲೀಸ್ ಆಗೋಯ್ತಲ್ಲ."

ಹೆಂಡತಿ ನಕ್ಕಳು. ಅವಳೂ ನಕ್ಕಳು. ಅವರಿಬ್ಬರೂ ಮೆಟ್ಟಿಲಿಳಿದು ಮರೆಯಾಗುವವರೆಗೂ ನಗುತ್ತಲೇ ಇದ್ದು, ಆಮೇಲೆ ಗೋಡೆಗೆ ಮುಖ ಮಾಡಿ ಅತ್ತಳು.