ಸೇತುವೆಯ ಮೇಲೆ ನಿಂತವನು

“ಚಿತ್ರ ನೋಡ್ಕ, ಬ್ಯಾಡ ಅನ್ನಲ್ಲ. ಬಾಯಿಬಿಟ್ಟು ಅರ್ಥ ಮಾತ್ರ ಹೇಳ್ಬ್ಯಾಡ ಕಣಮ್ಮ. ನೀನು ಹೇಳಿ, ನಾನು ಹೂಂ ಅಂದ್ಬುಟ್ರೆ ಮುಗೀತು.”

ಸರ್ವಮಂಗಳಮ್ಮನ ಮಾತಿಗೆ ಲೋಹಿತಾ ನಕ್ಕಳು. ಮಧುಗಿರಿಗೆ ಚಿತ್ರಕಲೆಯ ಮೇಡಮ್ ಆಗಿ ಬಂದವಳು ಈ ಮನೆಯ ಮುಂದಿನ ಕೋಣೆ ಹಿಡಿದಿದ್ದಳು. ನಡುಮನೆಯ ಗೋಡೆಯಲ್ಲಿ ಜಪಾನಿನ ಮರದಚ್ಚಿನ ಚಿತ್ರ. ಚೌಕಟ್ಟಿಗೆ ಕಪ್ಪು ದಾರ, ಒಣಗಿದ ನಿಂಬೆಹಣ್ಣು. ಸಿರಾದ ಗುಜರಿಯಿಂದ ಅದನ್ನು ತಂದವರು ಮನೆಯ ಯಜಮಾನ ಪ್ರಭುದೇವ್. ಶಲ್ಯ ಹೊದ್ದು, ಕಾವ್ಯ ಓದುವವರ ಪಕ್ಕ ಕೂತು ಅರ್ಥ ಹೇಳುತ್ತಿದ್ದವರು. ಒಂದು ದಿನ ಚಿತ್ರಕ್ಕೂ ಅರ್ಥ ಹೇಳಿದರು. ಹೆಂಡತಿ ಸರ್ವಮಂಗಳಮ್ಮ ರೂಢಿಯಂತೆ ಹೂಂ ಅಂದಳು. ಆಮೇಲೆ ಅವರನ್ನು ಯಾರೂ ಕಾಣಲಿಲ್ಲ.

“ಹಿಂದ್ಗಡೆ ಮಂತ್ರಿಸಿದ ತಗಡು ಐತೆ.”

“ಹಾಗಾದ್ರೆ ಸುಟ್ಟುಬಿಡಬಹುದಿತ್ತಲ್ವಾ?”

“ಅವ್ರು ಅದ್ರೊಳಗವ್ರೆ. ಹೆಂಗಮ್ಮ ಸುಡ್ಲಿ?”

ಓಡಿಹೋದ ಗಂಡನಿಗೆ ಒಳ್ಳೆಯ ಕತೆ. ಓಡಿಹೋದನೋ, ಇವಳೇ ಏನಾದರೂ ಮಾಡಿದಳೋ, ಅಂದುಕೊಂಡಳು ಲೋಹಿತಾ.

ಸಂಜೆ ಕರೆಂಟು ಹೋಯಿತು. ಬೆಟ್ಟದ ಬಂಡೆ ಹಗಲು ಕುಡಿದ ಬಿಸಿಲನ್ನು ಬೀದಿಗೆ ಉಗುಳುತ್ತಿತ್ತು. ಆದರೂ ನಡುಮನೆಯಲ್ಲಿ ತೊಯ್ದ ಮರದ ವಾಸನೆ. ದೀಪ ತಂದ ಸರ್ವಮಂಗಳಮ್ಮ ಬಾಗಿಲಲ್ಲೇ ನಿಂತಳು. ಲೋಹಿತಾ ಬೇಕೆಂದೇ ದನಿ ಎತ್ತಿದಳು.

“ಕೇಳಿ, ಪಾಠ ಮಾಡ್ತೀನಿ. ಮೇಲೆ ಕಡುನೀಲಿ, ಕೆಳಗೆ ಬರ್ತಾ ತಿಳಿ. ಆಕಾಶ ತಲೆ ಮೇಲೆ ಕೂತ ಹಾಗೆ. ಮಳೆ ಒಂದು ಕಡೆಗೆ ಓರೆ, ಸೇತುವೆ ಇನ್ನೊಂದು ಕಡೆಗೆ. ಎರಡೂ ಸೇರಿ ಕಣ್ಣನ್ನ ನಡುವಿಗೆ ತಳ್ತವೆ.”

“ಸಾಕು ಕಣಮ್ಮ, ಕಾಲಿಗ್ ಬೀಳ್ತೀನಿ.” ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಎಲ್ಲರೂ ಕೊಡೆ ಹಿಡಿದು ಓಡ್ತಿದಾರೆ. ನಡುವೆ ಒಬ್ಬ ಮಾತ್ರ ತಲೆ ತಗ್ಗಿಸಿ ನಿಂತಿದಾನೆ. ಹೆಗಲ ಮೇಲೆ ಜರಿಯಂಚಿನ ಶಲ್ಯ.”

ಜಪಾನಿನವನಿಗೆ ಶಲ್ಯ? ಆದರೂ ನಾಲಿಗೆ ನಿಲ್ಲಲಿಲ್ಲ.

“ಅವನಿಗೆ ಮಳೆಯ ಭಯ ಇಲ್ಲ. ತನ್ನ ಜಾಗಕ್ಕೆ ಯಾರಾದರೂ ಬರಲಿ ಅಂತ ಕಾಯ್ತಿದಾನೆ. ಇದೇ ಇದರ ಅರ್ಥ.”

ದೀಪ ಕುಗ್ಗಿತು. ಲೋಹಿತಾ ತಿರುಗಿದಳು. ಸರ್ವಮಂಗಳಮ್ಮನ ಕಣ್ಣು ಆ ಶಲ್ಯದ ಮೇಲಿತ್ತು. ಸೆರಗು ಬಾಯಿಂದ ಕೆಳಗಿತ್ತು. ಜಾರಿತೋ, ಇಳಿಸಿದಳೋ.

“ಹೂಂ.”

ನೀರು. ಚಳಿ. ಕಾಲಡಿ ಒದ್ದೆ ಹಲಗೆ. ಕೆನ್ನೆಗೆ ಸೂಜಿಯಂಥ ಮಳೆ. ಪಕ್ಕದಲ್ಲಿ ಓಡುವವರು ಓಡುತ್ತಲೇ ಇದ್ದರು, ಮುಂದೆ ಹೋಗದೆ. ಲೋಹಿತಾ ಕೂಗಿದಳು. ದನಿ ಇಲ್ಲ. ದೂರದಲ್ಲೊಂದು ಚೌಕನೆಯ ಬೆಳಕು, ಅದರೊಳಗೆ ನಡುಮನೆ. ಶಲ್ಯ ಹೊದ್ದ ಮುದುಕನೊಬ್ಬ ನೆಲಕ್ಕೆ ನೀರು ಸುರಿಸುತ್ತಾ ನಿಂತಿದ್ದ.

“ಆ ಮಗೂಗೆ ಹೂಂ ಅಂದಿದ್ದು ಯಾರೇ, ಮಂಗಳಾ?”

ಸರ್ವಮಂಗಳಮ್ಮ ಚೌಕಟ್ಟಿನ ಹತ್ತಿರ ಬಂದಳು. ಲೋಹಿತಾಳ ಮುಖವನ್ನು ನೋಡದೆ, ಚಿತ್ರದ ಮೇಲೆ ಹಳೆಯ ಪಂಚೆಯೊಂದನ್ನು ಎಳೆದಳು.

ಸೇತುವೆ ಕತ್ತಲಾಯಿತು. ಮಳೆ ನಿಲ್ಲಲಿಲ್ಲ.