ಹನ್ನೊಂದು ಮೀಟರ್ ಎರ್ಸಿಲಿಯಾ

ಫಿಲ್ಮ್ ಕತ್ತರಿಸುವುದು ನನ್ನ ಕಸುಬು. ಆದರೆ ಸತ್ತವರು ಎದ್ದು ಬರುವ ಆ ಸಿನಿಮಾಕ್ಕೆ ಆಳು ಸಾಲದೆ, ಮುದುಕಿ ಎರ್ಸಿಲಿಯಾಳನ್ನು ಹೊಂಡದಲ್ಲಿ ಮಲಗಿಸಿ ಮಣ್ಣು ಸುರಿದವನೂ ನಾನೇ.

"ಉಸಿರಾಡ್ಬೇಡ ಅಜ್ಜಿ, ನೀನು ಸತ್ತಿದೀಯ!" ಎಂದು ನಿರ್ದೇಶಕ ಓರೆಸ್ತೆ ಗದರಿದ.

ಅವಳು ಆಮೇಲೆ ಉಸಿರಾಡಲೇ ಇಲ್ಲ. ಶಾಟ್ ಚೆನ್ನಾಗಿದೆಯೆಂದು ಅವನು ಅದನ್ನು ಉಳಿಸಿಕೊಂಡ.

ರೋಮಿನ ಸೆನ್ಸಾರಿನಿಂದ ಆದೇಶ ಬಂತು: ಹೆಣ ಕಣ್ಣು ಬಿಡುವ ಹನ್ನೊಂದು ಮೀಟರ್ ಫಿಲ್ಮ್ ತೆಗೆಯಬೇಕು.

"ಮುದುಕಿ ಕಣ್ಣು ಬಿಟ್ಟಿದ್ದು ಯಾವಾಗ ಮಾರಾಯ?" ಓರೆಸ್ತೆ ನಕ್ಕ. "ಕತ್ತರಿಸಿ ಬಿಸಾಕು."

ಸಿನಿಮಾದ ಮೂರು ಪ್ರಿಂಟುಗಳಿದ್ದವು, ಮೂರರಲ್ಲೂ ಅದೇ ಶಾಟ್. ಮೊದಲನೆಯದನ್ನು ದೀಪಕ್ಕೆ ಹಿಡಿದೆ; ಕಣ್ಣು ಬಿಟ್ಟಿದ್ದಳು. ಕತ್ತರಿಸಿದಾಗ ಬೆರಳಿಗೆ ತಣ್ಣನೆಯ ಹಸಿಮಣ್ಣು ಮೆತ್ತಿತು. ಎರಡನೆಯದರಲ್ಲಿ ಎದ್ದು ಕೂತು ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತಿದ್ದಳು.

ಮೂರನೆಯದರಲ್ಲಿ ಕತ್ತರಿಸಲು ಏನೂ ಇರಲಿಲ್ಲ. ಹೊಂಡ ಖಾಲಿಯಿತ್ತು.