ಶುದ್ಧ ಬೇರಿನ ಪುಡಿ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಟೈಲರ್ ಹೆಂಗಸು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟಳು. ‘ಸಕ್ಕರೆ ಕಾಯಿಲೆಗೆ ಶುದ್ಧ ಬೇರಿನ ಪುಡಿ’ ಎಂದು ಅಚ್ಚಾಗಿತ್ತು. ಮಾಡಿದವರ ವಿಳಾಸವಿರಲಿಲ್ಲ.

“ನಮ್ಮಪ್ಪ ಡಾಕ್ಟರ್ ಕೊಟ್ಟ ಮಾತ್ರೆ ಜೊತೆ ಇದನ್ನೂ ತಿಂದ್ರು ಸಾರ್. ಶುಗರ್ ತೀರಾ ಇಳಿದು ನಿನ್ನೆಯಿಂದ ಎಚ್ಚರ ಇಲ್ಲ. ಡ್ರಿಪ್ ಹಾಕಿದ್ರೆ ಶುಗರ್ ಏರುತ್ತೆ, ಮತ್ತೆ ಇಳಿಯುತ್ತೆ. ಬೇರು ಹೀಗೆಲ್ಲ ಮಾಡಲ್ಲ, ಯಾವುದೋ ಮಾತ್ರೆ ಅರೆದು ಬೆರೆಸಿದ್ದಾರೆ, ಯಾವುದಂತ ಗೊತ್ತಾದ್ರೆ ಉಳಿಸ್ಕೋಬಹುದು ಅಂತಾರೆ ಡಾಕ್ಟರ್.”

“ಯಾರ ಹತ್ರ ತಗೊಂಡ್ರು?”

“ನಮಗೆ ಹೇಳೇ ಇಲ್ಲ. ಬೈತೀವಿ ಅಂತ ಕದ್ದು ತಿಂತಿದ್ರು.”

10.50ಕ್ಕೆ ಎಫ್‌ಐಆರ್ ದಾಖಲಾಯಿತು. ಅಲ್ಲಿಂದ ಮುಂದೆ ಎಲ್ಲವೂ ಆಮೆ ನಡಿಗೆ. ಪ್ರಯೋಗಾಲಯದವರು ವರದಿಗೆ ಮೂರು ವಾರ ಬೇಕೆಂದರು. “ಅಲ್ಲಿವರೆಗೆ ರೋಗಿ ಇರ್ಬೇಕಲ್ಲ” ಎಂದು ಇನ್‌ಸ್ಪೆಕ್ಟರ್ ಫೋನ್ ಕುಕ್ಕಿದರು. ಪುಡಿ ತಿನ್ನುವವರನ್ನು ಹುಡುಕಿ ಹೋದ ಹೆಡ್ ಕಾನ್‌ಸ್ಟೆಬಲ್ ಮುಂದೆ ಯಾರೂ ಬಾಯಿ ಬಿಡಲಿಲ್ಲ. ಒಬ್ಬ ನಿವೃತ್ತ ಮೇಷ್ಟ್ರಂತೂ, “ನನ್ನ ಶುಗರ್ ಇಳಿದ್ರೆ ನಿಮಗ್ಯಾಕೆ ಹೊಟ್ಟೆಯುರಿ?” ಎಂದು ಬಾಗಿಲು ಹಾಕಿಕೊಂಡರು. ಕಾಪಾಡಹೋದವರ ಮೇಲೇ ಸಿಟ್ಟು ಮಾಡುವ ಜನರನ್ನು ಕಟ್ಟಿಕೊಂಡು ಏಗುವುದು ಹೇಗೆ?

“ಅಷ್ಟು ಮಾತ್ರೆ ಅರೆದ್ರೆ ಖಾಲಿ ಸ್ಟ್ರಿಪ್ ಎಲ್ಲಾದ್ರೂ ಬೀಳ್ಬೇಕಲ್ಲ ಸಾರ್” ಎಂದ ಹೆಡ್ ಕಾನ್‌ಸ್ಟೆಬಲ್.

ಬುಧವಾರ ಮಧ್ಯಾಹ್ನ 3.00. ಐದನೆಯ ಗುಜರಿ ಅಂಗಡಿಯಲ್ಲಿ ಚೀಲದ ತುಂಬ ಖಾಲಿ ಸ್ಟ್ರಿಪ್‌ಗಳಿದ್ದವು, ಎಲ್ಲ ಒಂದೇ ಶುಗರ್ ಮಾತ್ರೆಯವು. ಇನ್‌ಸ್ಪೆಕ್ಟರ್ ಅಲ್ಲೇ ನಿಂತು ಆ ಹೆಸರನ್ನು ಡಾಕ್ಟರಿಗೆ ಫೋನಿನಲ್ಲಿ ಓದಿ ಹೇಳಿದರು.

“ಯಾರು ಕೊಟ್ಟಿದ್ದು?” ಎಂದು ಗುಜರಿಯವನನ್ನು ಕೇಳಿದರು.

“ಹಿಂದಿನ ಬೀದಿ ಕಾಂಪೌಂಡರ್ ತಾತ. ತಿಂಗಳಿಗೊಂದ್ಸಲ ತರ್ತಾರೆ.”

ಕಾಂಪೌಂಡರ್ ಮನೆಯ ಹಿಂಕೋಣೆಯಲ್ಲಿ ಮಿಕ್ಸಿ, ಜರಡಿ ಮತ್ತು ನಲವತ್ತು ಡಬ್ಬಿ ಸಿಕ್ಕವು. ಮುದುಕ ಯಾವುದನ್ನೂ ಅಲ್ಲಗಳೆಯಲಿಲ್ಲ.

“ಯಾಕೆ ಬೆರೆಸಿದ್ರಿ?”

“ನನ್ನ ಹೆಂಡ್ತಿ ಮಾತ್ರೆ ಮುಟ್ಟಲ್ಲ ಸಾರ್. ಕಾಲಿನ ಹುಣ್ಣು ಕೊಳೀತಿತ್ತು. ಬೇರು ಅಂದ್ರೆ ತಿಂತಾಳೆ, ಅದ್ರಲ್ಲಿ ಸೇರಿಸಿ ಕೊಟ್ಟೆ. ಕಾಲು ಉಳೀತು. ಅವಳೇ ಎಲ್ಲರಿಗೂ ಹೇಳ್ಕೊಂಡು ಬಂದ್ಲು.”

“ಡಾಕ್ಟರ್ ಮಾತ್ರೆ ತಿನ್ನೋರು ಇದನ್ನೂ ತಿಂದ್ರೆ?”

“ಮಾತ್ರೆ ಒಲ್ಲೆ ಅನ್ನೋರೇ ಬರ್ತಾರೆ ಅಂದ್ಕೊಂಡಿದ್ದೆ. ಎರಡೂ ತಿಂತಾರೆ ಅಂತ ಹೊಳೀಲೇ ಇಲ್ಲ.”

5.20ಕ್ಕೆ ಟೈಲರ್ ಫೋನ್ ಮಾಡಿದಳು. ಅಪ್ಪ ಕಣ್ಣು ಬಿಟ್ಟಿದ್ದರು.

ಮನೆಯಲ್ಲಿ ಸಿಕ್ಕಿದ್ದನ್ನೂ ಮುದುಕ ಹೇಳಿದ್ದನ್ನೂ ಬರೆದ ಪಂಚನಾಮೆಯನ್ನು ಓದಿ ಹೇಳಿದ ಮೇಲೆಯೇ ಸಾಕ್ಷಿಗಳ ಸಹಿ. “ಸ್ವಲ್ಪ ಮೆಲ್ಲಗೆ ಓದಿ, ಅವಳು ಒಳಗಿದ್ದಾಳೆ” ಎಂದ ಕಾಂಪೌಂಡರ್. ಅಷ್ಟರಲ್ಲಿ ಅವನ ಹೆಂಡತಿ ಹೊಸ್ತಿಲಿಗೆ ಬಂದಾಗಿತ್ತು. ಕೊನೆಯ ಸಾಲಿನವರೆಗೂ ನಿಂತು ಕೇಳಿದಳು.

“ನಾಳೆಯೇ ಆಸ್ಪತ್ರೆಗೆ ಹೋಗಿ ತಾಯಿ, ಮಾತ್ರೆ ಬಿಡಬಾರದು” ಎಂದರು ಇನ್‌ಸ್ಪೆಕ್ಟರ್.

“ನೀವು ಬರ್ಕೊಂಡಿದ್ದೆಲ್ಲ ನಿಜ ಆಗುತ್ತಾ? ನನ್ನ ಕಾಲು ಉಳಿಸಿದ್ದು ಬೇರು. ಮಾತ್ರೆ ನನಗೆ ಆಗಿಬರಲ್ಲ” ಎಂದು ಆಕೆ ಒಳಗೆ ಹೋದಳು.

5.45ಕ್ಕೆ ಬಂಧನ. ಜೀಪು ಹತ್ತುವಾಗ ಕಾಂಪೌಂಡರ್ ವಕೀಲರನ್ನು ಕೇಳಲಿಲ್ಲ, ಜಾಮೀನನ್ನೂ ಕೇಳಲಿಲ್ಲ.

“ನಾಳೆಯಿಂದ ಅವಳಿಗೆ ಯಾರು ಬೆರೆಸಿ ಕೊಡ್ತಾರೆ ಸಾರ್?” ಎಂದ.